ಕಾಂಕಾರ್ಡ್ ಚೌಕಕ್ಕೆ ವಿಮಾನದ ಹೆಸರಿಟ್ಟದ್ದು ಯಾವಾಗ?

ಪ್ರಶ್ನೆ: ಕಾಂಕಾರ್ಡ್ ವಿಮಾನದ ನೆನಪಿಗಾಗಿ ಪ್ಯಾರಿಸ್ಸಿನ ಚೌಕಕ್ಕೂ ಅಲ್ಲಿನ ಮೆಟ್ರೊ ನಿಲ್ದಾಣಕ್ಕೂ ಅದೇ ಹೆಸರನ್ನು ಯಾವಾಗ ಇಟ್ಟರು?

ಉತ್ತರ: ಪ್ಯಾರಿಸ್ಸಿಗೆ ಹೋಗಿ ಬಂದವರೂ ಹೋಗಲಿರುವವರೂ ಸರದಿಯಂತೆ ಕೇಳುವ ಪ್ರಶ್ನೆಯಿದು, ಹಿಂದೆ ಕೊಟ್ಟ ಉತ್ತರವನ್ನೇ ಮತ್ತೊಮ್ಮೆ ಕೊಡುತ್ತೇನೆ. ಯಾವಾಗಲೂ ಇಡಲಿಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಈ ಪ್ರಯಾಣಿಕ ವಿಮಾನ ಮೊದಲ ಬಾರಿಗೆ ಹಾರಿದ್ದು 1969ರ ಮಾರ್ಚ್ 2ರಂದು, ಫ್ರಾನ್ಸಿನ ತುಲೂಸ್ ನಗರದಲ್ಲಿ. ಮೆಟ್ರೊ ನಿಲ್ದಾಣ ತೆರೆದದ್ದು 1900ರಲ್ಲಿ. ಚೌಕಕ್ಕೆ ಆ ಹೆಸರು ಬಂದದ್ದಂತೂ 1795ರಲ್ಲಿ, ರೈಟ್ ಸಹೋದರರು ಹುಟ್ಟುವುದಕ್ಕೂ ಎಷ್ಟೋ ಮೊದಲು.

ತಾರೀಖು ಹೇಳಿದರೂ ನಂಬದವರಿದ್ದಾರೆ. ಅವರಿಗಾಗಿ ಚೌಕದ ಚರಿತ್ರೆಯನ್ನೇ ಹೇಳಬೇಕಾಗುತ್ತದೆ. ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಹೆಸರಿನಲ್ಲಿ ಕಟ್ಟಿದ ಈ ಚೌಕದಲ್ಲಿದ್ದ ಅವನ ಪ್ರತಿಮೆಯನ್ನು ಕ್ರಾಂತಿಕಾರರು 1792ರಲ್ಲಿ ಉರುಳಿಸಿ, ಜಾಗವನ್ನು ಕ್ರಾಂತಿ ಚೌಕವೆಂದು ಕರೆದರು. 1793ರ ಜನವರಿ 21ರಂದು ಹದಿನಾರನೆಯ ಲೂಯಿಯನ್ನು, ಅದೇ ವರ್ಷದ ಅಕ್ಟೋಬರ್ 16ರಂದು ರಾಣಿ ಮರೀ ಆಂತ್ವಾನೆತ್‌ಳನ್ನು, ಮರುವರ್ಷ ಸ್ವತಃ ಕ್ರಾಂತಿಯ ನಾಯಕ ರೋಬೆಸ್ಪಿಯೇರನನ್ನು ತಲೆ ಕಡಿಯುವ ಯಂತ್ರವಾದ ಗಿಲೊಟಿನ್ನಿಗೆ ಒಪ್ಪಿಸಿದ್ದು ಇಲ್ಲಿಯೇ. ಆ ಅಬ್ಬರ ಇಳಿದ ಮೇಲೆ, ಇನ್ನಾದರೂ ಒಂದಾಗಿ ಬಾಳೋಣವೆಂಬ ಆಶಯದಿಂದ, ಸೌಹಾರ್ದವೆಂಬ ಅರ್ಥದ ಹೆಸರನ್ನು ಇಟ್ಟರು. ಅರಸೊತ್ತಿಗೆ ಮರಳಿದಾಗ ಲೂಯಿಗಳ ಹೆಸರೂ ಮರಳಿತು. 1830ರ ಕ್ರಾಂತಿಯ ಬಳಿಕ ಕಾಂಕಾರ್ಡ್ ಹೆಸರೇ ನೆಲೆನಿಂತಿತು. 1836ರಲ್ಲಿ ನಡುವೆ ನಿಲ್ಲಿಸಿದ್ದು ಈಜಿಪ್ಟಿನ ಲಕ್ಸರ್‌ನಿಂದ ತಂದ ಶಿಲಾಸ್ತಂಭ. ಯಾವ ಪಕ್ಷದವರೂ ತಮ್ಮದೆನ್ನಲಾಗದ, ಆದ್ದರಿಂದಲೇ ಯಾರೂ ಉರುಳಿಸಬೇಕಾಗಿಲ್ಲದ ಕಲ್ಲು.

ಚೌಕಕ್ಕಿಂತಲೂ ಹಳೆಯ ಕಾಂಕಾರ್ಡ್ ಒಂದುಂಟು: ಗುಲಾಮರನ್ನು ಸಾಗಿಸುತ್ತಿದ್ದ ಆ ಹೆಸರಿನ ಫ್ರೆಂಚ್ ಹಡಗನ್ನು ಬ್ಲ್ಯಾಕ್‌ಬಿಯರ್ಡ್ ಎಂಬ ಕಡಲ್ಗಳ್ಳ 1717ರಲ್ಲಿ ಹಿಡಿದು, ಹೆಸರು ಬದಲಿಸಿ ತನ್ನದಾಗಿಸಿಕೊಂಡ. ಫಾರ್ಮುಲಾ ಒನ್ ಕಾರು ಪಂದ್ಯಗಳ ಕಾಂಕಾರ್ಡ್ ಒಪ್ಪಂದವನ್ನೂ ವೇಗದ ನೆಪದಲ್ಲಿ ವಿಮಾನಕ್ಕೆ ಗಂಟುಹಾಕುವವರಿದ್ದಾರೆ. 1981ರ ಆ ಒಪ್ಪಂದಕ್ಕೆ ಹೆಸರು ಕೊಟ್ಟದ್ದು ಚೌಕವೇ. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಒಕ್ಕೂಟದ ಕಚೇರಿ ಅಲ್ಲಿದೆ.

ವಿಮಾನದ ಹೆಸರು ಬ್ರಿಟನ್ ಮತ್ತು ಫ್ರಾನ್ಸ್ 1962ರಲ್ಲಿ ಜೊತೆಗೂಡಿದ್ದರ ಗುರುತು. ಸೌಹಾರ್ದವೇನೋ ಹೆಸರಿನಲ್ಲಿತ್ತು, ಆದರೆ ಫ್ರೆಂಚರು ಬರೆಯುವ Concorde ಎಂಬುದರ ಕೊನೆಯ 'ಇ' ಅಕ್ಷರವನ್ನು ಬ್ರಿಟನ್ನಿನ ಪ್ರಧಾನಿ ಮ್ಯಾಕ್‌ಮಿಲನ್ ತೆಗೆಸಿದರು, 1967ರಲ್ಲಿ ಸಚಿವ ಟೋನಿ ಬೆನ್ ಮತ್ತೆ ಸೇರಿಸಿದರು. ಕನ್ನಡದಲ್ಲಿ ಬರೆಯುವ ನಮಗೆ ಈ ಜಗಳ ಕಾಣಿಸುವುದೇ ಇಲ್ಲ.

ಇಷ್ಟು ಹೇಳಿದ ಮೇಲೆ, ಭಾರತಕ್ಕೂ ಈ ವಿಮಾನಕ್ಕೂ ಏನು ಸಂಬಂಧವೆಂದು ಯಾರೂ ಕೇಳದಿದ್ದರೂ ಹೇಳಿಬಿಡುತ್ತೇನೆ. ಏರ್ ಇಂಡಿಯಾ ಎರಡು ಕಾಂಕಾರ್ಡ್‌ಗಳನ್ನು ಕಾಯ್ದಿರಿಸಿ, ಕೊನೆಗೆ ಕೊಳ್ಳದೆ ಕೈಬಿಟ್ಟಿತು. ಲಂಡನ್ನಿನಿಂದ ಬಹರೇನ್ ಮೂಲಕ ಸಿಂಗಪುರಕ್ಕೆ ಕೆಲಕಾಲ ಸೇವೆ ನಡೆಯಿತಾದರೂ, ಭಾರತ ತನ್ನ ನೆಲದ ಮೇಲೆ ಶಬ್ದಕ್ಕಿಂತ ವೇಗವಾಗಿ ಹಾರಲು ಅನುಮತಿ ಕೊಡಲಿಲ್ಲ. ಆ ಸೇವೆ 1980ರಲ್ಲಿ ನಿಂತಿತು.