ಅಗ್ಗದ ಕಂಪ್ರೆಸರಿಗೆ ಒಪ್ಪಿಸಬಹುದಾದ ಕೆಲಸ

ಡ್ರಮ್ಮಿನ ಪೆಟ್ಟು ತನ್ನ ಗರಿಷ್ಠ ಮಟ್ಟವನ್ನು ಮುಟ್ಟಲು ಕೆಲವೇ ಮಿಲಿಸೆಕೆಂಡ್ ಸಾಕು. ಅದನ್ನು ಹಿಡಿದು ತಗ್ಗಿಸಬೇಕಾದ ಅನಲಾಗ್ ಕಂಪ್ರೆಸರಿಗಾದರೋ (ಜೋರಾದ ಸದ್ದನ್ನು ತಾನಾಗಿ ಕುಗ್ಗಿಸುವ ಯಂತ್ರಕ್ಕೆ) ಪೆಟ್ಟು ಬಂದಿದೆಯೆಂದು ತಿಳಿಯುವುದೇ ಅದು ಬಂದ ಮೇಲೆ. ಕಡಿಮೆ ಬೆಲೆಯ ಹಾರ್ಡ್‌ವೇರ್ ಕಂಪ್ರೆಸರನ್ನು ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮುನ್ನ ಹಾಡಿಗೆ ಕೊಡುವ ಕೊನೆಯ ತಿದ್ದುಪಡಿಗೆ) ಬಳಸಬಹುದೇ ಎಂಬ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಈ ಸಣ್ಣ ವಿಳಂಬದಲ್ಲಿದೆ.

ಕಂಪ್ರೆಸರಿನ ಲೆಕ್ಕ ಸರಳವಾದದ್ದು. ಥ್ರೆಶೋಲ್ಡ್ ಎಂಬುದು ಒಂದು ಹೊಸ್ತಿಲು. ಅದನ್ನು ದಾಟಿದ ಸದ್ದನ್ನು ಎಷ್ಟು ಕುಗ್ಗಿಸಬೇಕೆಂಬುದನ್ನು ರೇಶಿಯೋ ನಿರ್ಧರಿಸುತ್ತದೆ. ರೇಶಿಯೋ 4:1 ಇದ್ದಾಗ, ಹೊಸ್ತಿಲಿಗಿಂತ 12 ಡೆಸಿಬಲ್ ಮೇಲೇರಿದ ಸದ್ದು ಕೇವಲ 3 ಡೆಸಿಬಲ್ ಮೇಲಿದ್ದು ಹೊರಬರುತ್ತದೆ. ರೇಶಿಯೋ 10:1ರಷ್ಟು ಅಥವಾ ಅದಕ್ಕೂ ಹೆಚ್ಚಾದರೆ ಅದನ್ನು ಲಿಮಿಟಿಂಗ್ ಎನ್ನುವುದು ರೂಢಿ. ಆದರೆ ಈ ಲೆಕ್ಕವೆಲ್ಲ ನಿಜವಾಗುವುದು ಅಟ್ಯಾಕ್ ಅವಧಿ, ಅಂದರೆ ಸದ್ದು ಹೊಸ್ತಿಲು ದಾಟಿದ ಮೇಲೆ ಅದನ್ನು ಕುಗ್ಗಿಸಲು ಯಂತ್ರ ತೆಗೆದುಕೊಳ್ಳುವ ಸಮಯ, ಮುಗಿದ ಮೇಲೆ ಮಾತ್ರ. ಅಷ್ಟರೊಳಗೆ ನುಗ್ಗಿ ಹೋದ ಶಿಖರವನ್ನು ಯಾವ ರೇಶಿಯೋ ಕೂಡ ಹಿಂದಕ್ಕೆ ಕರೆಯಲಾರದು.

ಹಾಗಾದರೆ ಅಟ್ಯಾಕನ್ನೇ ವೇಗಗೊಳಿಸಬಾರದೇಕೆ? ಕಡಿಮೆ ಬೆಲೆಗೆ ಹೆಸರಾದ ಎಫ್‌ಎಂಆರ್ ಆಡಿಯೊದ ಆರ್‌ಎನ್‌ಸಿ ಯಂತ್ರದ ಅಟ್ಯಾಕ್ 0.2 ಮಿಲಿಸೆಕೆಂಡಿನವರೆಗೆ ಇಳಿಯುತ್ತದೆ. ಬಿಲ್ ಪಟ್ನಮ್ ರೂಪಿಸಿದ ಪ್ರಸಿದ್ಧ 1176 ಯಂತ್ರದ್ದು 0.02 ಮಿಲಿಸೆಕೆಂಡಿನವರೆಗೆ. ಇತ್ತ 10 ಕಿಲೋಹರ್ಟ್ಸ್ ನಾದದ ಅರ್ಧ ಅಲೆ ಮುಗಿಯುವುದು 0.05 ಮಿಲಿಸೆಕೆಂಡಿನಲ್ಲಿ; ಅಂದರೆ ಆರ್‌ಎನ್‌ಸಿ ಎಚ್ಚೆತ್ತುಕೊಳ್ಳುವ ಮೊದಲೇ ಅಂಥ ಶಿಖರ ದಾಟಿಹೋಗಿರುತ್ತದೆ. ವೇಗಕ್ಕೆ ತೆರಬೇಕಾದ ಬೆಲೆಯೂ ಇದೆ. 50 ಹರ್ಟ್ಸ್‌ನ ಮಂದ್ರ ನಾದಕ್ಕೆ ಒಂದು ಸುತ್ತು ಮುಗಿಸಲು 20 ಮಿಲಿಸೆಕೆಂಡ್ ಬೇಕು. ಅಟ್ಯಾಕ್ ಮತ್ತು ರಿಲೀಸ್ (ಕುಗ್ಗಿಸುವುದನ್ನು ಬಿಟ್ಟು ಮೊದಲಿನ ಮಟ್ಟಕ್ಕೆ ಮರಳುವ ಸಮಯ) ಎರಡೂ ಅದಕ್ಕಿಂತ ಚುರುಕಾಗಿದ್ದರೆ ಕಂಪ್ರೆಸರು ಸಂಗೀತದ ಏರಿಳಿತವನ್ನು ಬಿಟ್ಟು ಪ್ರತಿಯೊಂದು ಅಲೆಯ ಆಕಾರವನ್ನೇ ತಿದ್ದತೊಡಗುತ್ತದೆ, ಮತ್ತು ಹಾಗೆ ತಿದ್ದಿದ ಅಲೆ ನಮ್ಮ ಕಿವಿಗೆ ಒಡಕು ಸದ್ದಾಗಿ ಕೇಳಿಸುತ್ತದೆ. ಡಿಜಿಟಲ್ ಲಿಮಿಟರಿಗೆ ಈ ಇಕ್ಕಟ್ಟು ಕಡಿಮೆ. ಅದು ಸಂಗೀತವನ್ನು ಕೆಲವು ಮಿಲಿಸೆಕೆಂಡ್ ತಡೆದಿಟ್ಟುಕೊಂಡು ಮುಂದೆ ಬರಲಿರುವ ಶಿಖರವನ್ನು ಮೊದಲೇ ನೋಡುತ್ತದೆ, ಅದಕ್ಕೆ ತಕ್ಕಂತೆ ಮಟ್ಟವನ್ನು ನಯವಾಗಿ ಇಳಿಸುತ್ತದೆ. ಆದ್ದರಿಂದ ಕೊನೆಯ ಲಿಮಿಟಿಂಗನ್ನು ಅಗ್ಗದ ಹಾರ್ಡ್‌ವೇರಿನಿಂದ ಮಾಡಿಸುವುದು, ನನ್ನ ಖಚಿತ ಅಭಿಪ್ರಾಯದಲ್ಲಿ, ತಪ್ಪು ಕೆಲಸವನ್ನು ತಪ್ಪು ಕೈಗೆ ಒಪ್ಪಿಸಿದಂತೆ.

ಸರಿಯಾದ ಕೆಲಸ ಬೇರೆಯೇ ಇದೆ. ಇಂತಹ ಹಲವು ಯಂತ್ರಗಳ ಒಳಗಿರುವುದು ವಿಸಿಎ, ಅಂದರೆ ವೋಲ್ಟೇಜಿನಿಂದ ನಿಯಂತ್ರಿತವಾಗುವ ವರ್ಧಕ; 1970ರ ದಶಕದಲ್ಲಿ ಡೇವಿಡ್ ಬ್ಲ್ಯಾಕ್‌ಮರ್ ಅದಕ್ಕೆ ಕೊಟ್ಟ ರೂಪ ಮುಂದೆ ಚಿಪ್ಪಿನೊಳಗೆ ಸೇರಿ ಅಗ್ಗವಾಯಿತು. ಮೆಲ್ಲಗೆ ಬಳಸಿದರೆ ಅದು ತುಂಬ ಚೊಕ್ಕವಾಗಿ ದುಡಿಯುತ್ತದೆ. ರೇಶಿಯೋ 1.5:1, ಅಟ್ಯಾಕ್ 30 ಮಿಲಿಸೆಕೆಂಡಿನ ಆಸುಪಾಸು, ರಿಲೀಸ್ ತಾಳದ ನಡೆಗೆ ಹೊಂದುವಷ್ಟು ನಿಧಾನ, ಮೀಟರಿನಲ್ಲಿ ಒಂದೆರಡು ಡೆಸಿಬಲ್ ಇಳಿಕೆ: ಇಷ್ಟರಲ್ಲಿ ಪೆಟ್ಟಿನ ಮೊನೆ ಉಳಿಯುತ್ತದೆ, ಅದರ ಹಿಂದಿನ ನಾದ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಎರಡು ಚಾನೆಲ್‌ಗಳನ್ನು ಸ್ಟೀರಿಯೊ ಲಿಂಕ್‌ನಲ್ಲಿ ಜೋಡಿಸುವುದು ಮಾತ್ರ ಕಡ್ಡಾಯ. ಇಲ್ಲದಿದ್ದರೆ ಒಂದು ಕಡೆಯ ಜೋರು ಸದ್ದಿಗೆ ಆ ಕಡೆ ಮಾತ್ರ ಕುಗ್ಗಿ, ನಡುವಿನಲ್ಲಿರಬೇಕಾದ ಗಾಯನ ಅತ್ತಿತ್ತ ವಾಲುತ್ತದೆ.

ಕಡಿಮೆ ಬೆಲೆಯ ನಿಜವಾದ ಕೊರತೆ ಗುಂಡಿಗಳಲ್ಲಿದೆ. ಹೆಜ್ಜೆಹೆಜ್ಜೆಯಾಗಿ ತಿರುಗುವ ಸ್ವಿಚ್ಚಿನ ಬದಲು ತಡೆಯಿಲ್ಲದೆ ಸರಾಗವಾಗಿ ತಿರುಗುವ ಸಾಧಾರಣ ಪೊಟೆನ್ಶಿಯೋಮೀಟರ್ ಇರುವುದರಿಂದ, ಎರಡೂ ಗುಂಡಿಗಳು ಒಂದೇ ಅಂಕಿಯನ್ನು ತೋರಿಸುತ್ತಿದ್ದರೂ ಎಡಬಲಗಳ ಮಟ್ಟ ಒಂದೇ ಆಗಿರುವುದಿಲ್ಲ. 1 ಕಿಲೋಹರ್ಟ್ಸ್ ನಾದವನ್ನು ಎರಡೂ ಚಾನೆಲ್‌ಗಳಿಗೆ ಕಳಿಸಿ, ಹೊರಬಂದ ಮಟ್ಟವನ್ನು ಅಳೆದು ಸರಿದೂಗಿಸಬೇಕು. ಸಂಪರ್ಕದ ಮಟ್ಟವನ್ನೂ ನೋಡಬೇಕು (ಡಿಬಿಯು, ಡಿಬಿವಿ ಎರಡೂ ವೋಲ್ಟೇಜನ್ನು ಡೆಸಿಬಲ್ಲಿನಲ್ಲಿ ಹೇಳುವ ಅಳತೆಗಳು): ಸ್ಟುಡಿಯೊ ಉಪಕರಣಗಳ +4 ಡಿಬಿಯು 1.23 ವೋಲ್ಟ್, ಮನೆಬಳಕೆಯ ಉಪಕರಣಗಳ –10 ಡಿಬಿವಿ ಸುಮಾರು 0.316 ವೋಲ್ಟ್. ಇವುಗಳ ನಡುವಿನ ಸುಮಾರು 12 ಡೆಸಿಬಲ್ ಅಂತರವನ್ನು ಮರೆತರೆ ಸದ್ದು ಒಡೆಯುತ್ತದೆ, ಇಲ್ಲವೇ ಹಿನ್ನೆಲೆಯ ಗೊರಗೊರ ಮೇಲೇಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಮೋಸಹೋಗುವುದು ಕಿವಿ. ಕುಗ್ಗಿದ್ದನ್ನು ತುಂಬಿಕೊಡುವ ಮೇಕಪ್ ಗೇನ್ ಸ್ವಲ್ಪ ಹೆಚ್ಚಾದರೂ, ಜೋರಾದದ್ದೇ ಚೆಂದ ಎಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಕಂಪ್ರೆಸರನ್ನು ದಾಟಿ ಬಂದ ಸಂಗೀತವನ್ನು 24 ಬಿಟ್‌ನಲ್ಲಿ, ಶಿಖರಗಳ ಮೇಲೆ 6 ಡೆಸಿಬಲ್‌ನಷ್ಟು ಜಾಗ ಬಿಟ್ಟು ದಾಖಲಿಸಿ, ಮೂಲದೊಡನೆ ಒಂದೇ ಮಟ್ಟದಲ್ಲಿಟ್ಟು ಕೇಳಬೇಕು. ಆಗಲೂ ಅದು ಮೇಲೆನಿಸಿದರೆ, ಮುಂದಿನ ಕೆಲಸ ಡಿಜಿಟಲ್ ಲಿಮಿಟರಿನದು.