ಕೇಳಿ ಕಲಿತ ಹೆಸರು, ಓದಿ ಕಲಿತ ಹೆಸರು

ಹಾಸನದ ಬಿ.ಎಂ. ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ಒಂದು ಚೀನೀ ಕಂಪನಿಯ ಹೆಸರು ಹತ್ತಕ್ಕೂ ಹೆಚ್ಚು ವರ್ಷಗಳಿಂದ ನಾಲ್ಕೈದು ರೂಪಗಳಲ್ಲಿ ಓಡಾಡುತ್ತಿದೆ. 2014ರಲ್ಲಿ ಆ ಕಂಪನಿಯ ಫೋನುಗಳು ಭಾರತಕ್ಕೆ ಬಂದಾಗ ಡಬ್ಬಿಯ ಮೇಲಿನ Xiaomi ಎಂಬ ರೋಮನ್ ಅಕ್ಷರಗಳನ್ನು ಒಬ್ಬರು ಕ್ಸಿಯೋಮಿ ಎಂದು ಓದಿದರು, ಇನ್ನೊಬ್ಬರು ಜಿಯೋಮಿ ಎಂದರು, ಅಚ್ಚಿನಲ್ಲಿ ಶಿಯೋಮಿ ಎಂದೂ ಶಓಮಿ ಎಂದೂ ಕಾಣಿಸಿತು. ಬಹುಪಾಲು ಗಿರಾಕಿಗಳು ಈ ತೊಡಕಿನ ಗೊಡವೆಗೇ ಹೋಗದೆ, ಲಾಂಛನದಲ್ಲಿದ್ದ ಎರಡು ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳಿ ‘ಎಂಐ ಫೋನು ತೋರಿಸಿ’ ಎಂದು ಕೇಳತೊಡಗಿದರು. ಚೀನೀ ಭಾಷೆಯಲ್ಲಿ ಆ ಹೆಸರು ಹೆಚ್ಚುಕಡಿಮೆ ‘ಶ್ಯಾವ್‌ಮಿ’ ಎಂದು ಕೇಳಿಸುತ್ತದೆ. ಅದರ ಬಿಡಿ ಅರ್ಥ ‘ಚಿಕ್ಕ ಅಕ್ಕಿ’. ವಾಡಿಕೆಯಲ್ಲಿ ಅದು ಒಂದು ಕಿರುಧಾನ್ಯದ ಹೆಸರು. ಆ ಧಾನ್ಯ ನಮ್ಮ ನವಣೆಯೇ. ಅರಸೀಕೆರೆ, ಕಡೂರುಗಳ ಬಯಲುಸೀಮೆಯಿಂದ ಬಂದು ಅಂಗಡಿಯ ಮುಂದೆ ಆ ಹೆಸರಿಗೆ ತಡವರಿಸಿದ ರೈತನಿಗೆ, ಇದು ನಿನ್ನ ಹೊಲದ ಬೆಳೆಯ ಹೆಸರು ಎಂದು ಹೇಳುವವರು ಯಾರೂ ಇರಲಿಲ್ಲ.

ಅವನ ನಾಲಿಗೆ ತಡವರಿಸಿದ್ದಕ್ಕೆ ಕಾರಣ ಬೇರೆ ಕಡೆ ಇದೆ. ಚೀನಾ ತನ್ನ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವುದಕ್ಕೆ 1958ರಲ್ಲಿ ಪಿನ್ಯಿನ್ ಎಂಬ ಪದ್ಧತಿಯನ್ನು ಜಾರಿಗೆ ತಂದಿತು. ನಮ್ಮ ಶಕಾರಕ್ಕೆ ಹತ್ತಿರವಾದ ಒಂದು ಧ್ವನಿಗೆ ಆ ಪದ್ಧತಿ ಎಕ್ಸ್ ಅಕ್ಷರವನ್ನು ಗೊತ್ತುಮಾಡಿತು. ಆ ಒಪ್ಪಂದ ತಿಳಿದವರಿಗೆ ಅದು ಶುದ್ಧ ಬರವಣಿಗೆ. ಇಂಗ್ಲಿಷಿನ ರೂಢಿಯಿಂದ ಓದುವವರಿಗೆ ಅದು ಒಗಟು. ಲಂಡನ್ನಿನ ಓದುಗನೂ ಹಾಸನದ ಓದುಗನೂ ಅಲ್ಲಿ ಒಂದೇ ರೀತಿ ಎಡವುತ್ತಾರೆ. ಆದರೂ ಲಂಡನ್ನಿನವನ ತಪ್ಪು ಅಪರಿಚಯ ಎನಿಸಿಕೊಳ್ಳುತ್ತದೆ, ನಮ್ಮವನದು ಅಜ್ಞಾನ ಎನಿಸಿಕೊಳ್ಳುತ್ತದೆ. ತಂತ್ರಜ್ಞಾನದ ಹೆಸರುಗಳ ಉಚ್ಚಾರಣೆಯನ್ನು ಕುರಿತು ಬರೆಯಬೇಕೆಂದು ನನಗೆ ಅನ್ನಿಸಿದ್ದು ಈ ಅನ್ಯಾಯದಿಂದಾಗಿ.

ಹೊರಗಿನ ಮಾತನ್ನು ಒಳಗೆ ಕರೆದುಕೊಳ್ಳುವುದು ಕನ್ನಡಕ್ಕೆ ಹೊಸದಲ್ಲ. ಸುಮಾರು ಕ್ರಿ.ಶ. 450ರದೆಂದು ಹೇಳಲಾಗುವ, ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದಲ್ಲೇ ಸಂಸ್ಕೃತದ ಮಾತುಗಳು ಕನ್ನಡದ ನಡುವೆ ಧಾರಾಳವಾಗಿ ಕುಳಿತಿವೆ. ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾತುಗಳ ರೂಪಾಂತರಕ್ಕೆಂದೇ ಅಪಭ್ರಂಶ ಪ್ರಕರಣವನ್ನು ಇಟ್ಟ. ವಿದ್ಯೆ ಬಿಜ್ಜೆಯಾಗುವುದು, ಕಾರ್ಯ ಕಜ್ಜವಾಗುವುದು, ವರ್ಣ ಬಣ್ಣವಾಗುವುದು, ಯಂತ್ರ ಜಂತ್ರವಾಗುವುದು ಇವೆಲ್ಲ ಅಲ್ಲಿ ನಿಯಮಕ್ಕೆ ಒಳಪಟ್ಟ ಬದಲಾವಣೆಗಳು. ಬಿಜ್ಜೆ ಎಂದವನನ್ನು ಯಾರೂ ನಾಲಿಗೆ ತಿದ್ದಿಕೋ ಎನ್ನಲಿಲ್ಲ. ಶಾಲೆಯಲ್ಲಿ ನಾವು ತತ್ಸಮ, ತದ್ಭವ ಎಂದು ಎರಡು ಪಟ್ಟಿಗಳನ್ನು ಬಾಯಿಪಾಠ ಮಾಡುತ್ತೇವೆ. ತದ್ಭವಗಳಲ್ಲಿ ಹೆಚ್ಚಿನವು ಜನರ ಕಿವಿಯಿಂದ ಬಾಯಿಗೆ, ಬಾಯಿಂದ ಕಿವಿಗೆ ದಾಟುತ್ತ ಸವೆದು ನುಣುಪಾದವು, ತತ್ಸಮಗಳು ಗ್ರಂಥವನ್ನು ಓದಬಲ್ಲವರ ಮೂಲಕ ಇದ್ದ ಹಾಗೆಯೇ ಬಂದವು ಎಂಬುದನ್ನು ಮಾತ್ರ ಆ ಪಟ್ಟಿಗಳು ಹೇಳುವುದಿಲ್ಲ.

ಇಂಗ್ಲಿಷಿನ ಮಾತುಗಳೂ ಮೊದಲು ಕಿವಿಯ ದಾರಿಯಲ್ಲೇ ಬಂದವು. ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯ ತೋಟಗಾರರು ಚಿಕ್ಕಮಗಳೂರಿನ ಗಿರಿಗಳಲ್ಲೂ ಮಂಜರಾಬಾದಿನ ಕಾಡಂಚಿನಲ್ಲೂ ಕಾಫಿ ತೋಟ ಮಾಡಿದಾಗ, ಅವರ ಮಾತನ್ನು ಕೇಳಿಸಿಕೊಂಡ ಕೂಲಿಯವರು ಎಸ್ಟೇಟು, ಪಲ್ಪರು, ರೈಟ್ರು ಎಂಬ ಮಾತುಗಳನ್ನು ತಮ್ಮದಾಗಿಸಿಕೊಂಡರು. ಅವರಲ್ಲಿ ಹೆಚ್ಚಿನವರು ಆ ಪದಗಳ ಕಾಗುಣಿತವನ್ನು ಕಣ್ಣಿನಿಂದ ಕಂಡವರೇ ಅಲ್ಲ. ಹೊಸಗನ್ನಡದ ಮಾತು ಸ್ವರದಲ್ಲಿ ಮುಗಿಯಬೇಕೆಂಬುದು ಭಾಷೆಯ ಹಳೆಯ ಒಲವು. ಕಣ್ ಎಂಬುದು ಕಣ್ಣು ಆದ ಹಾಗೆ, ಪಾಲ್ ಎಂಬುದು ಹಾಲು ಆದ ಹಾಗೆ, ಕಾರ್ ಕಾರಾಯಿತು, ಬಸ್ ಬಸ್ಸಾಯಿತು, ಲ್ಯಾಂಟರ್ನ್ ಲಾಟೀನಾಯಿತು. ಮುಂದೆ ಹೊಲಗಳಿಗೆ ಕರೆಂಟು ಬಂದಾಗ ಮೋಟಾರು, ಪಂಪ್‌ಸೆಟ್ಟು, ಸ್ಟಾಟ್ರು ಬಂದವು. ಟ್ರಾನ್ಸ್‌ಫಾರ್ಮರ್ ಎಂಬ ಉದ್ದದ ಹೆಸರಿನ ಜಾಗದಲ್ಲಿ ಟೀಸಿ ಎಂಬ ಎರಡಕ್ಷರ ನಿಂತಿತು. ಇಂದಿಗೂ ಚನ್ನರಾಯಪಟ್ಟಣದ ಕಡೆಯ ರೈತ ‘ಟೀಸಿ ಸುಟ್ಟೋಗದೆ’ ಎಂದರೆ ಲೈನ್‌ಮನ್‌ಗೂ ಎಂಜಿನಿಯರಿಗೂ ಅರ್ಥವಾಗುತ್ತದೆ. ಇವುಗಳನ್ನು ನಾನು ತಪ್ಪು ಉಚ್ಚಾರಣೆಗಳೆಂದು ಒಪ್ಪಲಾರೆ. ಇವು ಇಂಗ್ಲಿಷಿನಿಂದ ಹುಟ್ಟಿದ ತದ್ಭವಗಳು.

ರೇಡಿಯೋ ಈ ದಾರಿಯನ್ನು ಇನ್ನಷ್ಟು ಅಗಲ ಮಾಡಿತು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆರಂಭಿಸಿದ ಖಾಸಗಿ ಬಾನುಲಿ ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರಿತ್ತು. ಆ ಹೆಸರೇ ಮುಂದೆ ದೇಶಕ್ಕೆಲ್ಲ ಆಯಿತು. ಹೊಸ ವಸ್ತುವಿನ ಹೆಸರು ಆಗ ಧ್ವನಿಯ ಜೊತೆಗೇ ಮನೆಗೆ ಬರುತ್ತಿತ್ತು. 1982ರಲ್ಲಿ ಹಾಸನದ ಸಾಲಗಾಮೆ ರಸ್ತೆಯಲ್ಲಿ ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ (ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ) ಸ್ಥಾಪನೆಯಾದ ಮೇಲೆ ಊರಿನವರ ಬಾಯಲ್ಲಿ ಇಸ್ರೋ, ಇನ್ಸಾಟ್, ಎಂಸಿಎಫ್ ಎಂಬ ಮೂರು ಹೆಸರುಗಳು ನೆಲೆಗೊಂಡವು. ಮೊದಲಿನ ಎರಡನ್ನು ಒಂದೇ ಪದವಾಗಿ ಹೇಳುವ ನಾವು ಮೂರನೆಯದನ್ನು ಬಿಡಿ ಅಕ್ಷರಗಳಾಗಿ ಹೇಳುತ್ತೇವೆ. ಯಾರೂ ಕಲಿಸದಿದ್ದರೂ ಈ ಭೇದ ಸರಿಯಾಗಿದೆ: ನಡುವೆ ಸ್ವರವಿಲ್ಲದ ಅಕ್ಷರಗಳ ಸಾಲನ್ನು ನಾಲಿಗೆ ಪದವಾಗಿ ಕಟ್ಟಲಾರದು.

ಕಂಪ್ಯೂಟರ್ ಶಿಕ್ಷಣ ಪಟ್ಟಣದ ಕಾಲೇಜುಗಳಿಗೆ ಹರಡಿದ ಮೇಲೆ ಈ ಕ್ರಮ ತಲೆಕೆಳಗಾಯಿತು. ಹೆಸರುಗಳು ಪಠ್ಯಪುಸ್ತಕದಲ್ಲಿ, ಪರದೆಯ ಮೇಲೆ, ಡಬ್ಬಿಯ ಮೇಲೆ ಮೊದಲು ಕಣ್ಣಿಗೆ ಬಿದ್ದವು. ಅವುಗಳನ್ನು ಹೇಳಿ ಕೇಳಿಸುವವರು ಇರಲಿಲ್ಲ. ಬರೆದದ್ದನ್ನೆಲ್ಲ ಓದಬೇಕು, ಓದಿದ ಹಾಗೆಯೇ ಬರೆಯಬೇಕು ಎಂಬ ಶಿಸ್ತಿನಲ್ಲಿ ಬೆಳೆದ ಕನ್ನಡ ಮಾಧ್ಯಮದ ವಿದ್ಯಾರ್ಥಿ ಆ ಶಿಸ್ತನ್ನೇ ಇಂಗ್ಲಿಷಿಗೂ ಅನ್ವಯಿಸಿದ. ಇಂಗ್ಲಿಷಿನ ಕಾಗುಣಿತವೋ ಶತಮಾನಗಳ ಹಿಂದಿನ ಉಚ್ಚಾರಣೆಗಳನ್ನೂ ಫ್ರೆಂಚ್, ಗ್ರೀಕ್, ಲ್ಯಾಟಿನ್ನುಗಳ ಗುರುತುಗಳನ್ನೂ ಹೊತ್ತು ನಿಂತಿರುವಂಥದ್ದು. ಅಲ್ಲಿ ಅಕ್ಷರವನ್ನು ನಂಬಿದವನೇ ಮೋಸಹೋಗುತ್ತಾನೆ.

ನಾನು ಜಿಲ್ಲೆಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಾಗ, ಪ್ರೊಸೆಸರಿನ ಪಕ್ಕದಲ್ಲಿರುವ ಅತಿವೇಗದ ಸ್ಮರಣೆಯನ್ನು ಕುರಿತು ಒಬ್ಬ ಹುಡುಗಿ ಸೆಮಿನಾರ್ ಕೊಟ್ಟಳು. ವಿಷಯವನ್ನು ಆಕೆ ತರಗತಿಯ ಎಲ್ಲರಿಗಿಂತ ಚೆನ್ನಾಗಿ ಅರಿತಿದ್ದಳು. ಆದರೆ ‘ಕ್ಯಾಶ್’ (cache) ಎನ್ನಬೇಕಾದುದನ್ನು ಮೊದಲಿಂದ ಕೊನೆಯವರೆಗೆ ‘ಕ್ಯಾಚೆ’ ಎಂದಳು. ಹಿಂದಿನ ಬೆಂಚುಗಳು ನಕ್ಕವು, ಮುಂದಿನ ಬೆಂಚುಗಳೂ ನಕ್ಕವು. ಆ ವರ್ಷವೆಲ್ಲ ಆಕೆ ಮತ್ತೆ ಎದ್ದು ನಿಂತು ಮಾತನಾಡಲಿಲ್ಲ. ಆ ನಗುವನ್ನು ಅಂದೇ ತಡೆಯದೆ ಹೋದದ್ದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆಕೆಗೆ ಆ ಪದದ ಚರಿತ್ರೆಯನ್ನು ಹೇಳಬೇಕಾಗಿತ್ತು. ಅದು ಫ್ರೆಂಚಿನಲ್ಲಿ ‘ಬಚ್ಚಿಡು’ ಎಂಬ ಅರ್ಥದ ಕ್ರಿಯಾಪದದಿಂದ ಬಂದುದು. ಉತ್ತರ ಅಮೆರಿಕದ ಕಾಡುಗಳಲ್ಲಿ ತುಪ್ಪಳಕ್ಕಾಗಿ ಬೇಟೆಯಾಡುತ್ತಿದ್ದ ಫ್ರೆಂಚ್ ಮಾತಿನ ಜನ ಆಹಾರವನ್ನೂ ಸಾಮಾನನ್ನೂ ನೆಲದಡಿಯ ಗುಂಡಿಯಲ್ಲಿ ಬಚ್ಚಿಡುತ್ತಿದ್ದರು. ಆ ಗುಂಡಿಗೆ ಈ ಹೆಸರಾಯಿತು, ಇಂಗ್ಲಿಷಿಗೂ ದಾಟಿತು. 1960ರ ದಶಕದ ಕೊನೆಯಲ್ಲಿ ಐಬಿಎಂ ಕಂಪನಿ ತನ್ನ ಕಂಪ್ಯೂಟರಿನ ವೇಗದ ಸ್ಮರಣೆಗೆ ಅದನ್ನೇ ಬಳಸಿತು. ರಾಗಿ ತುಂಬಿಡಲು ನೆಲದಡಿಯಲ್ಲಿ ತೋಡುತ್ತಿದ್ದ ಹಗೇವನ್ನು ಕಂಡ, ಇಲ್ಲವೇ ಅಜ್ಜಿಯ ಬಾಯಲ್ಲಿ ಕೇಳಿದ ಹುಡುಗಿಗೆ ಇದಕ್ಕಿಂತ ಹತ್ತಿರದ ಅರ್ಥ ಮತ್ತೊಂದಿಲ್ಲ. ಫ್ರೆಂಚಿನಲ್ಲಿ ಸಿ-ಎಚ್ ಜೋಡಿಗೆ ಶಕಾರದ ದನಿ, ಪದದ ಕೊನೆಯ ಇ ಅಕ್ಷರಕ್ಕೆ ದನಿಯಿಲ್ಲ ಎಂಬ ಒಂದು ಮಾತನ್ನು ಸೇರಿಸಿದ್ದರೆ ಉಚ್ಚಾರಣೆಯೂ ತಾನಾಗಿ ಸರಿಹೋಗುತ್ತಿತ್ತು.

ಇದಕ್ಕೆ ವಿರುದ್ಧವಾದ ಪಾಠವನ್ನು ಕಲಿಸುವುದು ಅಡೋಬಿ (Adobe) ಎಂಬ ತಂತ್ರಾಂಶ ಕಂಪನಿಯ ಹೆಸರು. ನಮ್ಮ ಡಿ.ಟಿ.ಪಿ. ಅಂಗಡಿಗಳಲ್ಲಿ, ಫೋಟೋ ಸ್ಟುಡಿಯೋಗಳಲ್ಲಿ ಅದನ್ನು ‘ಅಡೋಬ್’ ಎನ್ನುವವರೇ ಹೆಚ್ಚು. ಇಂಗ್ಲಿಷಿನಲ್ಲಿ ಕೊನೆಯ ಅಕ್ಷರ ಮೂಕವಾಗಿರುತ್ತದೆ ಎಂಬ ಪಾಠವನ್ನು ಚೆನ್ನಾಗಿ ಕಲಿತವರೇ ಇಲ್ಲಿ ತಪ್ಪುತ್ತಾರೆ, ಬರೆದಂತೆ ಓದುವ ಹಳ್ಳಿಯ ಹುಡುಗನೇ ಸರಿಯುತ್ತರಕ್ಕೆ ಹತ್ತಿರವಾಗುತ್ತಾನೆ. 1982ರಲ್ಲಿ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರಾದ ಜಾನ್ ವಾರ್ನಾಕ್ ಅವರ ಮನೆಯ ಹಿಂದೆ, ಕ್ಯಾಲಿಫೋರ್ನಿಯದಲ್ಲಿ, ಹರಿಯುವ ಒಂದು ಹಳ್ಳದ ಹೆಸರದು. ಸ್ಪ್ಯಾನಿಷಿನಲ್ಲಿ ಆ ಮಾತಿಗೆ ಬಿಸಿಲಿನಲ್ಲಿ ಒಣಗಿಸಿದ ಮಣ್ಣಿನ ಹಸಿ ಇಟ್ಟಿಗೆ ಎಂಬ ಅರ್ಥವಿದೆ. ಸ್ಪ್ಯಾನಿಷಿಗೆ ಅದು ಅರಬ್ಬಿಯಿಂದ ಬಂತು. ಅರ್ಥ ತಿಳಿದರೆ ಮಲೆನಾಡಿನವರಿಗೆ ಹಳ್ಳವೂ ಹೊಸದಲ್ಲ, ಇಟ್ಟಿಗೆಯೂ ಹೊಸದಲ್ಲ.

ಹೆಸರಿಟ್ಟವರ ಮಾತೇ ಕೊನೆಯ ಮಾತಾಗಬೇಕೆ ಎಂಬ ಪ್ರಶ್ನೆಗೆ ತಂತ್ರಜ್ಞಾನ ಲೋಕದಲ್ಲೇ ಒಮ್ಮತವಿಲ್ಲ. 1987ರಲ್ಲಿ ಕಂಪ್ಯೂಸರ್ವ್ ಸಂಸ್ಥೆಯಲ್ಲಿ ಇಂದು ಚಲಿಸುವ ಪುಟ್ಟ ಚಿತ್ರಗಳಿಗೆ ಬಳಕೆಯಾಗುವ GIF ಎಂಬ ಚಿತ್ರ ವಿನ್ಯಾಸವನ್ನು ರೂಪಿಸಿದ ತಂಡದ ಸ್ಟೀವ್ ವಿಲ್‌ಹೈಟ್ ಅದನ್ನು ಜಿಫ್ ಎನ್ನಬೇಕೆಂದು ಹೇಳುತ್ತಲೇ ಬಂದರು. 2013ರಲ್ಲಿ ಪ್ರಶಸ್ತಿ ಸ್ವೀಕರಿಸುವಾಗ ವೇದಿಕೆಯ ಪರದೆಯ ಮೇಲೆಯೂ ಅದನ್ನೇ ತೋರಿಸಿದರು. ಗ್ರಾಫಿಕ್ಸ್ ಎಂಬ ಪದದಿಂದ ಬಂದ ಅಕ್ಷರವಾದ್ದರಿಂದ ಗಿಫ್ ಎನ್ನುವುದೇ ಸರಿ ಎಂದು ಕೋಟ್ಯಂತರ ಜನ ಪಟ್ಟು ಹಿಡಿದರು. ಆ ಅಕ್ಷರವನ್ನೇ ‘ಜಿ’ ಎಂದು ಕರೆಯುವ ನಮ್ಮ ಮಕ್ಕಳು ಜಿಫ್ ಎಂದರೆ ಅದರಲ್ಲಿ ಆಶ್ಚರ್ಯವಿಲ್ಲ.

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಗಳಲ್ಲಿ ಒಂದಾದ ಲಿನಕ್ಸ್ (Linux) ಕಥೆ ನಮಗೆ ಇನ್ನೂ ಹತ್ತಿರದ್ದು. ಫಿನ್ಲೆಂಡಿನಲ್ಲಿ ಸ್ವೀಡಿಷ್ ಮನೆಮಾತಿನ ಕುಟುಂಬದಲ್ಲಿ ಹುಟ್ಟಿದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಅದನ್ನು ಬಿಡುಗಡೆ ಮಾಡಿದರು. ಇಂಗ್ಲಿಷಿನವರ ಬಾಯಲ್ಲಿ ಅವರ ಹೆಸರು ಲೈನಸ್ ಆಗುತ್ತದೆ, ಮನೆಯಲ್ಲಿ ಲೀನುಸ್ ಆಗಿತ್ತು. ಅದರ ಜೊತೆಗೇ ತಂತ್ರಾಂಶವೂ ಲೈನಕ್ಸ್, ಲಿನಕ್ಸ್, ಲೀನುಕ್ಸ್ ಎಂದು ಒಡೆಯಿತು. ಗೊಂದಲ ಹೆಚ್ಚಿದಾಗ ಅವರು ಬರಹದ ಮೊರೆ ಹೋಗದೆ, ‘ನಾನು ಲಿನಕ್ಸನ್ನು ಹೀಗೆ ಹೇಳುತ್ತೇನೆ’ ಎಂಬ ಅರ್ಥದ ಒಂದು ವಾಕ್ಯವನ್ನು ತಮ್ಮ ದನಿಯಲ್ಲಿ ಮುದ್ರಿಸಿ ಹಂಚಿದರು. ಕಣ್ಣು ಕೆಡಿಸಿದ್ದನ್ನು ಕಿವಿಯೇ ಸರಿಪಡಿಸಬೇಕೆಂದು ಅವರು ಕಂಡುಕೊಂಡಿದ್ದರು.

ಎಂಸಿಎಫ್ ವಿಚಾರದಲ್ಲಿ ಹೇಳಿದ ಸ್ವರದ ನಿಯಮ, ದತ್ತಾಂಶವನ್ನು ಕೇಳಿ ಪಡೆಯುವ ಕಂಪ್ಯೂಟರ್ ಭಾಷೆಯಾದ ಎಸ್‌ಕ್ಯೂಎಲ್ ಎಂಬಲ್ಲಿ ಮುರಿದಂತೆ ತೋರುತ್ತದೆ. ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಪರೀಕ್ಷಕರು ಅದನ್ನು ‘ಸೀಕ್ವೆಲ್’ ಎನ್ನುತ್ತಾರೆ, ಮತ್ತೊಬ್ಬರು ಬಿಡಿ ಅಕ್ಷರಗಳನ್ನೇ ಬಯಸುತ್ತಾರೆ, ನಡುವೆ ವಿದ್ಯಾರ್ಥಿ ಸಿಕ್ಕಿಕೊಳ್ಳುತ್ತಾನೆ. 1970ರ ದಶಕದಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಅದಕ್ಕೆ ಸ್ವರಗಳನ್ನೂ ಒಳಗೊಂಡ ಸೀಕ್ವೆಲ್ ಎಂಬ ಹೆಸರನ್ನೇ ಇಟ್ಟಿದ್ದರು. ಬ್ರಿಟನ್ನಿನ ವಿಮಾನ ಕಂಪನಿಯೊಂದರ ವ್ಯಾಪಾರ ಮುದ್ರೆಗೆ ಅದು ಅಡ್ಡ ಬಂದುದರಿಂದ ಸ್ವರಗಳನ್ನು ತೆಗೆದರು. ಬರಹದಿಂದ ಹೋದ ಸ್ವರಗಳು ಮಾತಿನಲ್ಲಿ ಉಳಿದವು. ಎರಡು ರೂಪಗಳಿಗೂ ಚರಿತ್ರೆಯ ಬೆಂಬಲವಿರುವಾಗ ಒಂದಕ್ಕಾಗಿ ಅಂಕ ಕಳೆಯುವುದು ಸಲ್ಲದು.

ಕನ್ನಡ ಲಿಪಿಯ ಒಂದು ಗುಣ ಇಲ್ಲಿ ನೆನೆಯತಕ್ಕದ್ದು. ರೋಮನ್ ಅಕ್ಷರಗಳಲ್ಲಿ ಬರೆಯುವವನು ಉಚ್ಚಾರಣೆಯ ಪ್ರಶ್ನೆಯನ್ನು ಓದುಗನ ಮೇಲೆ ಹಾಕಿ ಸುಮ್ಮನಿರಬಹುದು. ಕನ್ನಡದಲ್ಲಿ ಬರೆಯುವವನು ಗಿಫ್ ಎಂದೋ ಜಿಫ್ ಎಂದೋ ನಿರ್ಧರಿಸಲೇಬೇಕು. ತನ್ನಲ್ಲಿಲ್ಲದ ಧ್ವನಿಗೂ ಈ ಲಿಪಿ ದಾರಿ ಹುಡುಕಿದೆ. ಸ್ವರದ ಮೇಲೆ ಒತ್ತಕ್ಷರ ಬರುವಂತಿಲ್ಲ ಎಂಬ ಕಟ್ಟಳೆಯನ್ನು ಮುರಿದು ಪತ್ರಿಕೆಗಳು ‘ಆ್ಯಪ್’ ಎಂದು ಬರೆಯತೊಡಗಿದವು, ಅಚ್ಚುಮೊಳೆಯ ಕಾಲದಿಂದ ಬಂದ ಈ ಬಗೆಯ ಬರವಣಿಗೆ ಫೋನಿನ ಪರದೆಯಲ್ಲೂ ಉಳಿಯಿತು. ಪಠ್ಯಪುಸ್ತಕದಲ್ಲಿ ಹೊಸ ತಾಂತ್ರಿಕ ಪದ ಮೊದಲ ಬಾರಿ ಬರುವಾಗ ಅದನ್ನು ಕನ್ನಡ ಲಿಪಿಯಲ್ಲೂ ಮುದ್ರಿಸಿದರೆ ನಾನು ಕಂಡ ಆ ಸೆಮಿನಾರಿನಂಥ ಸಂಕಟ ಎಷ್ಟೋ ಕಡಿಮೆಯಾಗುತ್ತದೆ. ಪುಟಕ್ಕೆ ಒಂದೆರಡು ಪದಗಳ ಖರ್ಚು, ಅಷ್ಟೇ.

ಈಗ ಯಂತ್ರಗಳೇ ನಮ್ಮ ಹೆಸರುಗಳನ್ನು ಓದಬೇಕಾಗಿ ಬಂದಿದೆ. ಹಾಸನಾಂಬೆಯಿಂದ ಬಂದುದೆಂದು ನಂಬಲಾದ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ಸಕಾರ ಹಾಕಿ ಬರೆಯುವುದರಿಂದ ದಾರಿ ತೋರುವ ಫೋನಿನ ಇಂಗ್ಲಿಷ್ ಧ್ವನಿ ಅದನ್ನು ‘ಹಸ್ಸನ್’ ಎಂದು ಮನುಷ್ಯನ ಹೆಸರಿನಂತೆ ಓದುತ್ತದೆ. ಆಲೂರಿನ ಮೊದಲ ಅಕ್ಷರ ದೀರ್ಘವೋ ಹ್ರಸ್ವವೋ, ನಡುವಿನದು ಲಕಾರವೋ ಳಕಾರವೋ ಅದಕ್ಕೆ ತಿಳಿಯದು. ಅರಕಲಗೂಡಿನ ಸ್ವರಗಳು ಕಾಗುಣಿತದಲ್ಲೇ ಉದುರಿಹೋಗಿವೆ. ಸಕ್ಕರೆಪಟ್ಟಣದ ರುಕ್ಮಾಂಗದನು ಕಿರಿಯ ಮಗಳಿಗೆ ಬಳುವಳಿಯಾಗಿ ಕೊಟ್ಟನೆಂಬ ಐತಿಹ್ಯವಿರುವ ಚಿಕ್ಕಮಗಳೂರಿನ ಇಂಗ್ಲಿಷ್ ಕಾಗುಣಿತವನ್ನು, ಬೇರೆ ಹನ್ನೊಂದು ನಗರಗಳ ಜೊತೆಗೆ, 2014ರ ನವೆಂಬರ್ 1ರಂದು ಸರ್ಕಾರ ತಿದ್ದಿತು. ಹಾಸನ ಆ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಅದೇ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಊರಿನ ಹೆಸರನ್ನು ಕನ್ನಡ ಅಕ್ಷರಗಳಲ್ಲಿ ಕೊಟ್ಟು ನೋಡಿದರೆ, ಅದು ಮೊದಲ ಅಕ್ಷರವನ್ನು ದೀರ್ಘವಾಗಿ ಎಳೆದು, ಸಕಾರವನ್ನು ಒಂದೇ ಬಾರಿ ಹೇಳಿ, ಹಾಸನ ಎನ್ನುತ್ತದೆ.