ಮೈಕ್ ಇಲ್ಲದ ಕಾಲದಲ್ಲಿ ಕರೂಸೊ ದನಿ ಸೆರೆಯಾಗಿದ್ದು ಹೇಗೆ?

ಪ್ರಶ್ನೆ: ಆಪೆರಾ, ಅಂದರೆ ಪಾಶ್ಚಾತ್ಯ ಸಂಗೀತ ನಾಟಕದ ಗಾಯಕ ಎನ್ರಿಕೊ ಕರೂಸೊ ತೀರಿಕೊಂಡು ನೂರು ವರ್ಷ ದಾಟಿತು. ಆಗ ಮೈಕೇ ಇರಲಿಲ್ಲವಂತೆ. ಮತ್ತೆ ಅವರ ಹಾಡು ನಮಗೆ ಸಿಕ್ಕಿದ್ದು ಹೇಗೆ?

ಉತ್ತರ: ನಿಜ, ಹಾಡು ರೆಕಾರ್ಡ್ ಮಾಡಲು ಆಗ ಮೈಕ್ ಬಳಸುತ್ತಿರಲಿಲ್ಲ. ಕರೂಸೊ ತೀರಿಕೊಂಡಿದ್ದು 1921ರಲ್ಲಿ, ಹುಟ್ಟೂರು ನೇಪಲ್ಸ್‌ನಲ್ಲಿ. ವಯಸ್ಸು ಬರೀ 48. ಮೈಕ್ ಇಟ್ಟು ರೆಕಾರ್ಡ್ ಮಾಡುವುದು ಚಾಲ್ತಿಗೆ ಬಂದಿದ್ದು 1925ರಲ್ಲಿ. ಅಲ್ಲಿಯವರೆಗೆ ಎಲ್ಲರೂ ಹಾಡಿದ್ದು ದನಿ ಹಿಡಿಯುವ, ಕಹಳೆಯಂಥ ಒಂದು ಕೊಂಬಿನ ಮುಂದೆ.

1902ರ ಏಪ್ರಿಲ್‌ನಲ್ಲಿ ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಮಿಲಾನ್‌ನ ಹೋಟೆಲ್ ಕೋಣೆಯೊಂದರಲ್ಲಿ ಕರೂಸೊ ಅವರಿಂದ ಹತ್ತು ಹಾಡು ಹಾಡಿಸಿದರು. ಜೊತೆಗಿದ್ದಿದ್ದು ಪಿಯಾನೊ ಮಾತ್ರ. ಕೊಂಬಿನ ಅಗಲ ಬಾಯಿಗೆ ಮುಖ ಕೊಟ್ಟು ಹಾಡಬೇಕು. ಇನ್ನೊಂದು ತುದಿಯಲ್ಲಿ ತೆಳುವಾದ ಪೊರೆ, ಅದಕ್ಕೊಂದು ಸೂಜಿ. ದನಿಗೆ ಪೊರೆ ನಡುಗುತ್ತೆ, ತಿರುಗುವ ಮೇಣದ ತಟ್ಟೆಯ ಮೇಲೆ ಸೂಜಿ ಗೀರು ಕೊರೆಯುತ್ತೆ. ಕರೆಂಟಿನ ನೆರವೇ ಇಲ್ಲ, ದನಿಯ ಬಲದಿಂದಲೇ ಎಲ್ಲ ಆಗಬೇಕು. ತಾರಸ್ಥಾಯಿಗೆ ಹೋಗುವಾಗ ಗಾಯಕರು ಹಿಂದೆ ಸರಿಯಬೇಕಿತ್ತು, ಮೆಲ್ಲಗೆ ಹಾಡುವಾಗ ಹತ್ತಿರ ಬರಬೇಕಿತ್ತು. ಒಂದು ಕಡೆ ತಪ್ಪಿದರೂ ಹಾಡು ಮತ್ತೆ ಮೊದಲಿಂದ.

ಈ ಯಂತ್ರಕ್ಕೆ ತೀರಾ ತಗ್ಗಿನ, ತೀರಾ ಎತ್ತರದ ಸದ್ದು ದಕ್ಕುತ್ತಿರಲಿಲ್ಲ. ಪಿಟೀಲು ಕ್ಷೀಣವಾಗಿ ಕೇಳುತ್ತಿತ್ತು. ಹೆಂಗಸರ ದನಿಯಂತೂ ಎಷ್ಟೋ ಸಲ ತೆಳ್ಳಗಾಗಿಬಿಡುತ್ತಿತ್ತು. ಟೆನರ್, ಅಂದರೆ ಗಂಡಸರ ಎತ್ತರದ ದನಿ, ಅದಕ್ಕೆ ಚೆನ್ನಾಗಿ ಒಗ್ಗಿತು. ಕರೂಸೊ ದನಿಯಲ್ಲಿ ಎತ್ತರದ ಜೊತೆ ದಪ್ಪವೂ ಇತ್ತು. ಆಟಿಕೆ ಅನ್ನಿಸಿಕೊಂಡಿದ್ದ ಗ್ರಾಮಫೋನಿಗೆ ಮರ್ಯಾದೆ ತಂದುಕೊಟ್ಟವರಲ್ಲಿ ಅವರೇ ಮೊದಲಿಗರು ಅಂತ ನನಗನ್ನಿಸುತ್ತೆ. 1903ರಲ್ಲಿ ಅವರು ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಆಪೆರಾ ಸೇರಿದರು, 1920ರ ಕೊನೆಯವರೆಗೂ ಅಲ್ಲಿ ಹಾಡಿದರು. ಆದರೆ ಆ ರಂಗಮಂದಿರದ ಮೆಟ್ಟಿಲು ಹತ್ತದವರ ಮನೆಗೂ ಅವರನ್ನು ತಲುಪಿಸಿದ್ದು ಈ ತಟ್ಟೆಗಳೇ.

ಅಂದ ಹಾಗೆ, ಅದೇ 1902ರ ನವೆಂಬರ್‌ನಲ್ಲಿ ಇದೇ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡು ಮುದ್ರಿಸಿಕೊಂಡರು. ಮುಂದೆ ಮೈಸೂರು ಅರಮನೆಯ ಆಸ್ಥಾನ ಗಾಯಕಿಯಾಗಿ, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರಲ್ಲ, ಅವರೇ.

ಕರೂಸೊ ಅವರನ್ನು ಮೊದಲ ಸಲ ಕೇಳುವವರು 1907ರ ‘ವೆಸ್ತಿ ಲಾ ಜುಬ್ಬಾ’ದಿಂದ ಶುರು ಮಾಡಿ. ಹೆಂಡತಿ ಬೇರೊಬ್ಬನಿಗೆ ಒಲಿದಿದ್ದಾಳೆ ಅಂತ ಆಗಷ್ಟೇ ಗೊತ್ತಾದ ವಿದೂಷಕ, ಜನರನ್ನು ನಗಿಸಲು ವೇಷ ಹಾಕಿಕೊಳ್ಳುತ್ತಾ ಹಾಡುವ ಹಾಡು ಅದು. ಮೊದಮೊದಲು ಕರಕರ ಸದ್ದೇ ಜಾಸ್ತಿ ಕೇಳುತ್ತೆ. ಬಿಡದೆ ಇನ್ನೊಮ್ಮೆ ಕೇಳಿ, ನಡುವೆ ಬರುವ ಆ ಕಹಿ ನಗು ಸ್ಪಷ್ಟವಾಗಿ ಕಿವಿಗೆ ಬೀಳುತ್ತೆ.